ಪ್ರಶ್ನೋತ್ತರ: ಎಲ್ಲರೂ ರೂಗರ್ 10/22 ಅಂತಲೇ ಹೇಳೋದು ಯಾಕೆ?

ಪ್ರಶ್ನೆ (ಕೊಲಂಬಸ್, ಓಹಿಯೋ):
ನಮಸ್ಕಾರ ಸರ್. ನಾವು ಮೈಸೂರಿನವರು, ಇಲ್ಲಿಗೆ ಬಂದು 14 ವರ್ಷ ಆಯಿತು. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಮಗನಿಗೆ 13. ಅವನ ಸ್ನೇಹಿತನ ಅಪ್ಪ ಒಂದು ದಿನ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಅವತ್ತಿನಿಂದ ಮಗನದು ಒಂದೇ ಹಠ, ತಾನೂ ಕಲಿಯಬೇಕು ಅಂತ. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದಾಗ ಐದು ಗುಂಡು ಹೊಡೆದದ್ದು ಬಿಟ್ಟರೆ ನನಗೆ ಬಂದೂಕಿನ ವಿಷಯ ಗೊತ್ತಿಲ್ಲ. ಆಫೀಸಿನಲ್ಲಿ ಮೂವರನ್ನು ಕೇಳಿದೆ. ಮೂವರೂ ರೂಗರ್ 10/22 ರೈಫಲ್ ಅಂದರು. ಅದರಲ್ಲಿ ಅಂಥದ್ದೇನಿದೆ? ಸೆಮಿ ಆಟೋಮ್ಯಾಟಿಕ್ ಅಂತ ಕೇಳಿದರೇ ನನ್ನ ಹೆಂಡತಿಗೆ ಭಯ.

ಉತ್ತರ:
ನಮಸ್ಕಾರ ಸರ್. ನಾನು ಸೋಮವಾರಪೇಟೆ ಕಡೆಯವನು. ಇಲ್ಲಿ ರೇಂಜಿನಲ್ಲಿ ಹೊಸಬರಿಗೆ ಕಲಿಸುವುದೇ ನನ್ನ ಕೆಲಸ. ಎನ್‌ಸಿಸಿಯಲ್ಲಿ ನೀವು ಹೊಡೆದದ್ದು ಪಾಯಿಂಟ್ ಟೂಟೂ ರೈಫಲ್, ಅಲ್ವಾ? ಹಾಗಾದರೆ ಅರ್ಧ ಪರಿಚಯ ಆಗಲೇ ಆಗಿದೆ. 10/22ಗೂ ಅದೇ ಕಾಡತೂಸು, .22 ಲಾಂಗ್ ರೈಫಲ್. 1887ರಿಂದ ಬಳಕೆಯಲ್ಲಿದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಅಲ್ಲೂ ಇದೇ ಕಾಡತೂಸು. ರೈಫಲ್ ಮಾತ್ರ ಬೇರೆ ಜಾತಿಯದು.

ಇದರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಒಳಗಿನ ಮದ್ದು ಒಂದು ಚಿಟಿಕೆ. ಹಾಗಾಗಿ ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಕಲಿಸುವವನ ಕಣ್ಣಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹೊಸಬರು ಗುರಿ ನೋಡುವುದನ್ನು ಬೇಗ ಕಲಿಯುತ್ತಾರೆ. ತಪ್ಪುವುದು ಟ್ರಿಗರ್ ಒತ್ತುವ ಆ ಕ್ಷಣದಲ್ಲಿ. ಸದ್ದು ಬರುತ್ತದೆ, ಭುಜಕ್ಕೆ ಬಡಿಯುತ್ತದೆ ಅಂತ ಮೈ ಮೊದಲೇ ಬಿಗಿದುಕೊಳ್ಳುತ್ತದೆ. ಕಣ್ಣು ಮುಚ್ಚುತ್ತದೆ, ಬಂದೂಕಿನ ಮೂತಿ ಕೆಳಗೆ ಬಾಗುತ್ತದೆ. ದೊಡ್ಡ ರೈಫಲ್‌ನಲ್ಲಿ ಈ ತಪ್ಪು ಒದೆತದೊಳಗೆ ಅಡಗಿಬಿಡುತ್ತದೆ, ಹೊಡೆದವನಿಗೂ ಕಾಣುವುದಿಲ್ಲ. .22ನಲ್ಲಿ ಅದಕ್ಕೆ ಅಡಗಲು ಜಾಗ ಇಲ್ಲ.

ನಾನು ಮಾಡುವುದು ಹೀಗೆ. ಮ್ಯಾಗಝಿನ್ (ಕಾಡತೂಸು ಹಿಡಿಯುವ ಡಬ್ಬಿ) ತುಂಬುವಾಗ ನಡುವೆ ಒಂದೆರಡು ಪ್ಲಾಸ್ಟಿಕ್ ಡಮ್ಮಿ ಸೇರಿಸುತ್ತೇನೆ. ಎಲ್ಲಿ ಸೇರಿಸಿದ್ದೇನೆ ಅಂತ ಕಲಿಯುವವರಿಗೆ ಹೇಳುವುದಿಲ್ಲ. ಟಪ್, ಟಪ್ ಅಂತ ಹೊಡೆಯುತ್ತಾ ಹೋಗುತ್ತಾರೆ. ಡಮ್ಮಿ ಬಂದಾಗ ಬರೀ ಕ್ಲಿಕ್ ಅನ್ನುತ್ತದೆ. ಗುಂಡೇ ಹಾರದಿದ್ದರೂ ಮೂತಿ ಕೆಳಗೆ ಕುಕ್ಕಿದರೆ ಅದು ಅವರದೇ ತಪ್ಪು, ಅವರೇ ಕಣ್ಣಾರೆ ನೋಡುತ್ತಾರೆ. ಒಬ್ಬಳು ಹುಡುಗಿ ಮೂರು ವಾರ ಗುರಿ ಹಾಳೆಯ ಕೆಳಗಿನ ಮೂಲೆಗೇ ಹೊಡೆಯುತ್ತಿದ್ದಳು. ರೈಫಲ್ ಸರಿ ಇಲ್ಲ ಅಂತ ಅಳು. ಎರಡು ಡಮ್ಮಿಯಲ್ಲಿ ಅವಳಿಗೆ ಅರ್ಥವಾಯಿತು. ಮುಂದಿನ ವಾರ ಅವಳ ಗ್ರೂಪಿಂಗ್, ಅಂದರೆ ಗುಂಡು ಬಿದ್ದ ತೂತುಗಳ ಗುಂಪು, ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದಾಗಿತ್ತು. ಅವತ್ತಿನ ಅವಳ ಮುಖ ಈಗಲೂ ನೆನಪಿದೆ.

ಇನ್ನು ಸೆಮಿ ಆಟೋಮ್ಯಾಟಿಕ್ ವಿಷಯ. ಒಂದು ಸಲ ಒತ್ತಿದರೆ ಒಂದೇ ಗುಂಡು. ಬೆರಳು ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು. ಒತ್ತಿ ಹಿಡಿದರೆ ಸಾಲಾಗಿ ಹಾರುವ ಮಷಿನ್ ಗನ್ ಅಲ್ಲ ಇದು. ಒಳಗಿನ ಕೆಲಸವೂ ಸರಳ. ಗುಂಡು ಮುಂದೆ ಹೋಗುವಾಗ ಅದೇ ಒತ್ತಡ ಖಾಲಿ ಕೇಸನ್ನು ಹಿಂದಕ್ಕೆ ತಳ್ಳುತ್ತದೆ. ಕೇಸಿನ ಹಿಂದಿರುವ ಬೋಲ್ಟ್ ಎಂಬ ಉಕ್ಕಿನ ತುಂಡು ಹಿಂದೆ ಸರಿದು ಕೇಸನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ತಳ್ಳಿದಾಗ ಹೊಸ ಕಾಡತೂಸು ಒಳಗೆ ಕೂರುತ್ತದೆ. ಅಷ್ಟೇ.

ಇದರಿಂದ ಲಾಭ ಏನು? ಎನ್‌ಸಿಸಿ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಕೈ ಎತ್ತಿ ಬೋಲ್ಟ್ ಎಳೆಯಬೇಕಿತ್ತು. ಆಗ ಕೆನ್ನೆ ಸರಿಯುತ್ತದೆ, ಮೊಣಕೈ ಸರಿಯುತ್ತದೆ. ಇದರಲ್ಲಿ ಮೈ ಇಟ್ಟಲ್ಲೇ ಇರುತ್ತದೆ. ಹತ್ತೂ ಗುಂಡು ಒಂದೇ ಭಂಗಿಯಲ್ಲಿ ಹೊಡೆಯಬಹುದು. ಭಂಗಿಯಲ್ಲಿ ಏನು ತಪ್ಪಿದೆ ಅಂತ ಹಾಳೆಯೇ ಹೇಳುತ್ತದೆ.

ಆದರೂ ನಿಮ್ಮ ಮನೆಯವರ ಭಯ ಸುಮ್ನೆ ಬಂದದ್ದಲ್ಲ. ಮಕ್ಕಳು ವೇಗಕ್ಕೆ ಮರುಳಾಗುತ್ತಾರೆ. ಹಾಗಾಗಿ ಮೊದಲ ಒಂದೆರಡು ತಿಂಗಳು ನಾನು ಮ್ಯಾಗಝಿನ್‌ಗೆ ಒಂದೇ ಕಾಡತೂಸು ಹಾಕಿಸುತ್ತೇನೆ. ಹೊಡಿ, ನೋಡು, ಮತ್ತೆ ತುಂಬು. ನೀವೂ ಹಾಗೇ ಮಾಡಿ. ಇನ್ನೊಂದು ಮಾತು: ಕೊನೆಯ ಗುಂಡು ಹಾರಿದ ಮೇಲೆ ಇದರ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಖಾಲಿಯೋ ತುಂಬಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಇದು ಈ ರೈಫಲ್‌ನ ದೊಡ್ಡ ಕೊರತೆ. ಮ್ಯಾಗಝಿನ್ ತೆಗಿ, ಬೋಲ್ಟ್ ಎಳೆದು ಹಿಡಿ, ಒಳಗೆ ಕಣ್ಣು ಹಾಕಿ ನೋಡು. ಇದು ಮಗನಿಗೆ ಉಸಿರಾಟದಷ್ಟು ಅಭ್ಯಾಸವಾಗಬೇಕು.

ಪ್ರಶ್ನೆ (ಅದೇ ಕೊಲಂಬಸ್‌ನವರು):
ತುಂಬಾ ಥ್ಯಾಂಕ್ಸ್ ಸರ್. ನೀವು ಹೇಳಿದ್ದು ಬೇರೆ ಕಂಪನಿಯ .22ಗೂ ಒಪ್ಪುತ್ತದೆ ಅಲ್ವಾ? ಇದೇ ಯಾಕೆ?

ಉತ್ತರ:
ಒಳ್ಳೆ ಪ್ರಶ್ನೆ. ಅದಕ್ಕೆ ಮ್ಯಾಗಝಿನ್ ನೋಡಬೇಕು.

.22 ಕಾಡತೂಸಿನ ತಳದಲ್ಲಿ ಹೊರಗೆ ಚಾಚಿದ ಒಂದು ಅಂಚು ಇದೆ. ಕಿಡಿ ಹೊತ್ತಿಸುವ ಮದ್ದು ಆ ಅಂಚಿನೊಳಗೇ ಇರುತ್ತದೆ. ಅದಕ್ಕೇ ಇದನ್ನು ರಿಮ್‌ಫೈರ್ ಅನ್ನುವುದು. ಒಂದರ ಮೇಲೊಂದು ಪೇರಿಸಿದಾಗ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವುದು ಹಳೆಯ ತೊಂದರೆ. 10/22ನಲ್ಲಿ ಅವನ್ನು ಪೇರಿಸುವುದೇ ಇಲ್ಲ. ಒಳಗೊಂದು ತಿರುಗುವ ಚಕ್ರ ಇದೆ. ಪ್ರತಿ ಕಾಡತೂಸಿಗೂ ಅದರಲ್ಲಿ ತನ್ನದೇ ಗೂಡು. ಈ ಕಲ್ಪನೆ ಹೊಸದಲ್ಲ. ಸ್ಯಾವೇಜ್ 99 ಎಂಬ ಹಳೆಯ ಬೇಟೆ ರೈಫಲ್‌ನಲ್ಲೂ ಚಕ್ರದ ಮ್ಯಾಗಝಿನ್ ಇತ್ತು. ಕಂಪನಿ ಕಟ್ಟಿದ ಬಿಲ್ ರೂಗರ್ ಮತ್ತು ಅವರ ಜೊತೆಯ ವಿನ್ಯಾಸಕಾರ ಹ್ಯಾರಿ ಸೆಫ್ರೀಡ್ ಅದನ್ನು ಅಗ್ಗದ .22ಗೆ ತಂದರು. ಹತ್ತು ಕಾಡತೂಸು ತುಂಬಿದರೂ ಮ್ಯಾಗಝಿನ್ ಕೆಳಗೆ ಜೋತಾಡುವುದಿಲ್ಲ, ರೈಫಲ್‌ನ ಹೊಟ್ಟೆಯೊಳಗೇ ಕೂರುತ್ತದೆ. ಒಂದೇ ಕೈಯಲ್ಲಿ ಹಿಡಿದು ಕಾಡಿನಲ್ಲಿ ನಡೆಯಲು ಎಷ್ಟು ಹಾಯಾಗಿರುತ್ತದೆ ಅಂತ ಅಳಿಲು ಬೇಟೆಗೆ ಹೋಗುವ ಇಲ್ಲಿನ ಹಿರಿಯರನ್ನು ಕೇಳಿ.

ಇನ್ನೊಂದು, ಅಳತೆ. ಈ ರೈಫಲ್ ಬಂದದ್ದು 1964ರಲ್ಲಿ. ಆಗ ಅಗ್ಗದ .22 ಅಂದರೆ ಹುಡುಗರ ಸಾಮಾನು ಅನ್ನುವ ಭಾವನೆ ಜಾಸ್ತಿ. ರೂಗರ್ ಅವರು ಇದನ್ನು ದೊಡ್ಡವರ ಕೈಗೆ ತಕ್ಕ ಹಾಗೆ ಮಾಡಿದರು. ತೂಕ ಮಾತ್ರ ಎರಡೂಕಾಲು ಕಿಲೋ ಆಸುಪಾಸು. ಹಾಗಾಗಿ ಹದಿಮೂರರ ಮಗನೂ ಹಿಡಿಯಬಹುದು, ಅಪ್ಪನೂ ಹಿಡಿಯಬಹುದು. ಮಾರಿದ್ದು 50 ಲಕ್ಷ ದಾಟಿ ಎಷ್ಟೋ ವರ್ಷ ಆಯಿತು. ಅಜ್ಜನ 10/22 ತಂದು ಕಲಿಯುವ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ.

ಮಾರ್ಲಿನ್ 60 ಎಂಬ ಇನ್ನೊಂದು .22 ಕೂಡ ಒಳ್ಳೆಯದೇ. ನಳಿಗೆಯ ಕೆಳಗಿನ ಕೊಳವೆಗೆ ಒಂದೊಂದೇ ತುಂಬಬೇಕು. ಹಳೆಯದು ಅಗ್ಗಕ್ಕೆ ಸಿಕ್ಕರೆ ಬೇಡ ಅನ್ನುವುದಿಲ್ಲ. ಆದರೆ ತರಗತಿಯಲ್ಲಿ ಮ್ಯಾಗಝಿನ್ ತೆಗೆದು ಮೇಜಿನ ಮೇಲೆ ಇಡಿಸುವುದು ನನಗೆ ನೆಮ್ಮದಿ.

ಖರ್ಚಿನ ಮಾತೂ ಇದೆ. .22 ಒಂದಕ್ಕೆ ಹತ್ತು ಸೆಂಟ್ ಆಸುಪಾಸು. ದೊಡ್ಡ ಬೇಟೆ ರೈಫಲ್‌ನ ಕಾಡತೂಸು ಒಂದಕ್ಕೆ ಒಂದು ಡಾಲರ್ ದಾಟುತ್ತದೆ. ಒಂದು ಮಧ್ಯಾಹ್ನ ಇನ್ನೂರು ಗುಂಡು ಹೊಡೆಯದೆ ಯಾರೂ ಕಲಿಯುವುದಿಲ್ಲ.

ಪ್ರಶ್ನೆ (ಡೆಟ್ರಾಯಿಟ್):
ನಾನು ಮೆಕ್ಯಾನಿಕಲ್ ಇಂಜಿನಿಯರ್. ಯೂಟ್ಯೂಬ್‌ನಲ್ಲಿ ಇದರ ನಳಿಗೆ, ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿ), ಟ್ರಿಗರ್ ಎಲ್ಲಾ ಮನೆಯಲ್ಲೇ ಬದಲಾಯಿಸುತ್ತಾರಲ್ಲ. ಅದು ನಿಜಕ್ಕೂ ಅಷ್ಟು ಸುಲಭವೇ?

ಉತ್ತರ:
ನಿಜ. ನಿಮ್ಮಂಥವರು ಇದನ್ನು ಇಷ್ಟಪಡುವುದೇ ಇದಕ್ಕೆ. ಸಾಮಾನ್ಯವಾಗಿ ರೈಫಲ್ ನಳಿಗೆಯನ್ನು ಸ್ಕ್ರೂ ಥರ ಥ್ರೆಡ್ ಹಾಕಿ ಬಿಗಿದಿರುತ್ತಾರೆ. ಬಿಚ್ಚಲು ದೊಡ್ಡ ವೈಸ್, ವಿಶೇಷ ಸ್ಪ್ಯಾನರ್ ಬೇಕು. ಇದರಲ್ಲಿ ಥ್ರೆಡ್ ಇಲ್ಲ. ನಳಿಗೆ ರಿಸೀವರ್‌ನೊಳಗೆ (ಬೋಲ್ಟ್ ಇರುವ ಲೋಹದ ಒಡಲು) ಜಾರಿ ಕೂರುತ್ತದೆ. ಕೆಳಗೊಂದು ವಿ ಆಕಾರದ ತುಂಡು, ಎರಡು ಆಲನ್ ಸ್ಕ್ರೂ. ಅವನ್ನು ಬಿಗಿದರೆ ನಳಿಗೆ ಹಿಂದಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಸ್ಟಾಕ್ ನಿಂತಿರುವುದು ಒಂದೇ ಸ್ಕ್ರೂ ಮೇಲೆ. ಕಾರ್ಬೈನ್ ಎಂಬ ಗಿಡ್ಡ ಮಾದರಿ ಆದರೆ ನಳಿಗೆಯ ಸುತ್ತಲಿನ ಮುಂದಿನ ಪಟ್ಟಿಯನ್ನೂ ಸಡಿಲಿಸಬೇಕು. ಟ್ರಿಗರ್ ಪೆಟ್ಟಿಗೆ ಪೂರ್ತಿ ಎರಡು ಪಿನ್ನಿಗೆ ಹೊರಬರುತ್ತದೆ. ಸ್ಟಾಕ್‌ನಿಂದ ಎತ್ತುವಾಗ ಸೇಫ್ಟಿ ಗುಂಡಿಯನ್ನು ಎರಡೂ ಕಡೆಗೆ ಸಮವಾಗಿ ನಡುವೆ ನಿಲ್ಲಿಸಿ. ಇಲ್ಲದಿದ್ದರೆ ಮರಕ್ಕೆ ತಗುಲಿಕೊಳ್ಳುತ್ತದೆ, ಜನ ಬಲ ಹಾಕಿ ಸ್ಟಾಕ್ ಸೀಳುತ್ತಾರೆ.

ಅಮೆರಿಕದ ಫೆಡರಲ್ ಕಾನೂನಿನ ಕಣ್ಣಿನಲ್ಲಿ ಬಂದೂಕು ಅಂದರೆ ಸೀರಿಯಲ್ ನಂಬರ್ ಇರುವ ರಿಸೀವರ್. ಉಳಿದವು ಬಿಡಿಭಾಗ. ಹಾಗಾಗಿಯೇ ಇದಕ್ಕೆ ಬಿಡಿಭಾಗ ಮಾಡುವ ಕಂಪನಿಗಳು ಇಷ್ಟೊಂದು ಬೆಳೆದದ್ದು. ರೂಗರ್‌ನ ಒಂದು ತುಂಡೂ ಇಲ್ಲದ 10/22 ಕಟ್ಟಬಹುದು ಈಗ. 2012ರಲ್ಲಿ ಕಂಪನಿಯೇ ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕುವ ಟೇಕ್‌ಡೌನ್ ಮಾದರಿ ತಂದಿತು.

ಒಂದೇ ಬಿನ್ನಹ. ಟ್ರಿಗರ್ ಹಗುರ ಮಾಡಲು ಒಳಗಿನ ಭಾಗಗಳಿಗೆ ಅರ ಹಾಕಿ ಉಜ್ಜಬೇಡಿ. ತಾನೇ ಸಿಡಿಯುವ ರೈಫಲ್ ಆಗಿಬಿಡುತ್ತದೆ. ಬೇಕಿದ್ದರೆ ಸಿದ್ಧ ಟ್ರಿಗರ್ ಪೆಟ್ಟಿಗೆ ಕೊಂಡು ಹಾಕಿ. ಮೊದಲ ವರ್ಷ ಏನನ್ನೂ ಬದಲಾಯಿಸದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಮಡಿಕೇರಿ):
ಅಣ್ಣಾ, ನಮ್ಮ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ .22 ವಿಭಾಗ ಇದೆಯಲ್ಲ. ಅಲ್ಲಿಗೆ 10/22 ಇದ್ದರೆ ಲಾಭ ಆಗುತ್ತಾ? ನೀವು ಬರುವಾಗ ತರಬಹುದಾ?

ಉತ್ತರ:
ತರಲು ಆಗುವುದಿಲ್ಲ ತಮ್ಮಾ. ವಿದೇಶಿ ಬಂದೂಕು ಆಮದು ನಮ್ಮಲ್ಲಿ ಸಾಮಾನ್ಯರಿಗೆ ತೆರೆದಿಲ್ಲ. ಕೊಡವರಿಗಿರುವ ಲೈಸೆನ್ಸ್ ವಿನಾಯಿತಿಗೂ ಆಮದಿಗೂ ಸಂಬಂಧ ಇಲ್ಲ. ಲಾಭವೂ ಇಲ್ಲ. ತೆಂಗಿನಕಾಯಿಗೆ ಬೇಕಾದದ್ದು ಒಂದು ಒಳ್ಳೆಯ ಗುಂಡು. ಅದೇ ಬೆಲೆಯ ಬೋಲ್ಟ್ ರೈಫಲ್ ಸಾಮಾನ್ಯವಾಗಿ ಇದಕ್ಕಿಂತ ಬಿಗಿಯಾಗಿ ಹೊಡೆಯುತ್ತದೆ. ಒಲಿಂಪಿಕ್ 50 ಮೀಟರ್ ಹಾಳೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್. ಕಾರ್ಖಾನೆಯಿಂದ ಬಂದ ಹಾಗೇ 10/22 ಪ್ರತಿ ಸಲ ಅದರೊಳಗೆ ಹೊಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಇದರ ಚೆಂದ ಬೇರೆ ಕಡೆ ಇದೆ.

ಪ್ರಶ್ನೆ (ಸಿಯಾಟಲ್):
ಅಣ್ಣ, ನಮ್ಮ ಮನೆಯಲ್ಲಿ ಇದೇ ರೈಫಲ್ ಇದೆ. ಇನ್ನೂರು ಗುಂಡು ಆದ ಮೇಲೆ ಖಾಲಿ ಕೇಸು ಸಿಕ್ಕಿಕೊಳ್ಳಲು ಶುರುವಾಗುತ್ತದೆ. ರಿಪೇರಿಗೆ ಕೊಡಬೇಕಾ?

ಉತ್ತರ:
ಬೇಡ ಅಕ್ಕಾ, ಮೊದಲು ತೊಳೆದು ನೋಡಿ. .22 ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಮಸಿ ಜೊತೆ ಅದು ಅಂಟಾಗುತ್ತದೆ. ಮ್ಯಾಗಝಿನ್ ತೆಗೆದು, ಒಳಗೆ ಕಾಡತೂಸು ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ಕಾಡತೂಸು ಕೂರುವ ಜಾಗ ಮತ್ತು ಕೇಸನ್ನು ಎಳೆಯುವ ಕೊಕ್ಕೆಯ ಸಂದನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಎಣ್ಣೆ ಒಂದು ಹನಿ ಸಾಕು, ಜಾಸ್ತಿ ಹಾಕಿದರೆ ಮಸಿ ಇನ್ನೂ ಹಿಡಿಯುತ್ತದೆ. ಸದ್ದು ಕಡಿಮೆಯ ನಿಧಾನ ಕಾಡತೂಸು ಬಳಸುತ್ತಿದ್ದರೆ ಅದಕ್ಕೂ ಹೀಗಾಗಬಹುದು. ಬೋಲ್ಟನ್ನು ಪೂರ್ತಿ ಹಿಂದೆ ತಳ್ಳಲು ಅದಕ್ಕೆ ಶಕ್ತಿ ಸಾಲುವುದಿಲ್ಲ. ಬೇರೆ ಕಾಡತೂಸು ಪ್ರಯತ್ನಿಸಿ.

ಪ್ರಶ್ನೆ (ಡಲ್ಲಾಸ್):
ನಾನು ಎಚ್-1ಬಿಯಲ್ಲಿ ಇದ್ದೇನೆ. ಕೊಳ್ಳಬಹುದಾ? ಸುಮ್ನೆ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯಬಹುದಾ?

ಉತ್ತರ:
ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಎಚ್-1ಬಿಯಂಥ ವೀಸಾದಲ್ಲಿ ಬಂದವರು ಬಂದೂಕು, ಕಾಡತೂಸು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬಾಡಿಗೆಗೆ ಪಡೆದು ಹಿಡಿದರೂ ಅದೇ. ಕೆಲವು ವಿನಾಯಿತಿ ಇವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಅದರಲ್ಲೊಂದು. ವಕೀಲರನ್ನು ಕೇಳದೆ ಮುಟ್ಟಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದ ನಿಯಮ ಮಾತ್ರ ಬೇರೆ ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ 2019ರಿಂದ 21 ತುಂಬದವರು ಯಾವ ಸೆಮಿ ಆಟೋಮ್ಯಾಟಿಕ್ ರೈಫಲನ್ನೂ ಕೊಳ್ಳುವಂತಿಲ್ಲ, 10/22 ಕೂಡ ಅದರಲ್ಲಿ ಸೇರಿದೆ.

ಪ್ರಶ್ನೆ (ಕೊಲಂಬಸ್‌ನವರು ಮತ್ತೆ):
ಸರ್, ಹೆಂಡತಿ ಒಪ್ಪಿದ್ದಾಳೆ. ತಾನೂ ಬರ್ತೀನಿ ಅಂದಳು. ಕೊಳ್ಳುವ ಮೊದಲು ನಿಮ್ಮ ರೇಂಜಿನಲ್ಲಿ ಒಂದು ಸಲ ನೋಡಬೇಕು. ಬರುವಾಗ ಏನು ತರಬೇಕು?

ಉತ್ತರ:
ಬನ್ನಿ ಸರ್, ಅಮ್ಮ ಜೊತೆಗಿದ್ದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ರೈಫಲ್ ನಾನು ಕೊಡುತ್ತೇನೆ. ಮುಂದೆ ಕೊಂಡರೆ ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಬೀಗದಲ್ಲಿ ಇರಬೇಕು. ಕಾಡತೂಸಿಗೆ ಬೇರೆ ಬೀಗ. ಒದೆತ ಇಲ್ಲ ಅಂತ ಸದರ ಬೇಡ, ಈ ಗುಂಡು ಒಂದು ಕಿಲೋಮೀಟರ್‌ಗಿಂತ ದೂರ ಹೋಗಬಲ್ಲದು. ಮೂವರಿಗೂ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ತನ್ನಿ. ಟೋಪಿ ಇರಲಿ. ಕತ್ತು ಮುಚ್ಚುವ ಅಂಗಿ ಹಾಕಿಸಿ, ಬಿಸಿ ಕೇಸು ಹಾರಿ ಕಾಲರ್ ಒಳಗೆ ಬಿದ್ದರೆ ಮಗ ರೈಫಲ್ ಸಮೇತ ತಿರುಗಿಬಿಡುತ್ತಾನೆ. ತಿಂಡಿ ತಂದರೆ ಕಾರಿನಲ್ಲೇ ಇಡಿ. ಗುಂಡು ಸೀಸದ್ದು, ಸೋಪು ಹಾಕಿ ಕೈ ಮುಖ ತೊಳೆದ ಮೇಲೇ ತಿನ್ನುವುದು.