ಕಡ್ಡಿ 20, ಗೋಳಿಬಜೆ 1

ಆಟಿ ತಿಂಗಳ ಮಳೆ. ಕಾಸರಗೋಡಿನ ಬದಿಯಡ್ಕದಲ್ಲಿ ಮಾಮುವಿನ ಹೋಟೆಲಿನ ಮಾಡಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಅಡಿಕೆಗೆ ಮದ್ದು ಬಿಡುವ ಹಾಗಿಲ್ಲ, ಮನೆಯಲ್ಲಿ ಕೂತರೆ ಯಾರಾದರೂ ಕೆಲಸ ಹೇಳುತ್ತಾರೆ. ಹಾಗಾಗಿ ನಾಲ್ಕೂವರೆಗೆಲ್ಲ ನಮ್ಮ ಬೆಂಚು ಭರ್ತಿ: ಭಟ್ರು, ರೈಗಳು, ಇಚ್ಚ, ರಿಟೈರಾದ ಮಾಷ್ಟ್ರು, ಮತ್ತೆ ನಾನು. ಅವತ್ತು ಮಾಷ್ಟ್ರ ಸೋದರಳಿಯನೂ ಇದ್ದ. ಬೆಂಗಳೂರಿನ ಯಾವುದೋ ಕಂಪೆನಿಯಲ್ಲಿ ಎಚ್‌ಆರ್. ಮುಖ ನೋಡಿದರೆ ತೋಟಕ್ಕೆ ಕೊಳೆರೋಗ ಬಂದವನ ಹಾಗೆ.

"ಬೇಕಲದ ರೆಸಾರ್ಟಿನಲ್ಲಿ ನಮ್ಮ ಕಂಪೆನಿಯ ಕಾನ್ಫರೆನ್ಸ್. 120 ಜನ. ಟೀಮ್ ಬಿಲ್ಡಿಂಗ್ ಗೇಮ್ಸ್ ನನ್ನ ತಲೆಗೆ ಕಟ್ಟಿದ್ದಾರೆ" ಅಂದ.

"ಟೀಮ್ ಬಿಲ್ಡಿಂಗ್ ಅಂದ್ರೆ ಎಂತದು?" ಭಟ್ರು ಕೇಳಿದರು.

"ಒಟ್ಟಿಗೆ ಕೆಲಸ ಮಾಡುವವರನ್ನು ಒಟ್ಟು ಮಾಡುವುದು."

"ಒಟ್ಟಿಗೇ ಇದ್ದಾರಲ್ಲ?"

"ಒಟ್ಟಿಗೆ ಇದ್ದಾರೆ ಭಟ್ರೇ, ಒಟ್ಟಾಗಿಲ್ಲ."

"ಹಾಂ, ನಮ್ಮ ಕುಟುಂಬದ ಹಾಗೆ" ಅಂದರು ರೈಗಳು. ಅವರದ್ದು ತರವಾಡು ಮನೆ, ಪಾಲು ಪಟ್ಟಿಯ ಕೇಸು ಇನ್ನೂ ಮುಗಿದಿಲ್ಲ. "ಅಲ್ಲ, ಬೇಕಲ ಕೋಟೆ ಕಟ್ಟಿಸಿದ ಶಿವಪ್ಪ ನಾಯಕ ಇದನ್ನೆಲ್ಲ ಮಾಡಿಸಿದ್ದನಾ?"

"ಅವನದ್ದು ಬಿಲ್ಡಿಂಗ್ ಉಂಟು, ಟೀಮ್ ಎಲ್ಲಿ ಹೋಯ್ತೋ ಗೊತ್ತಿಲ್ಲ" ಅಂತ ಇಚ್ಚ.

ಅಳಿಯ ಫೋನ್ ತೆಗೆದು ಒಂದೊಂದೇ ಆಟ ಓದತೊಡಗಿದ. ಮೊದಲನೆಯದು ಟ್ರಸ್ಟ್ ಫಾಲ್. ಕಣ್ಣುಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದಿದ್ದವರು ಹಿಡಿಯುತ್ತಾರೆ ಎಂಬ ವಿಶ್ವಾಸ ಬೇಕು. ಭಟ್ರು ತಲೆ ಕೊಡವಿದರು. "ಸೊಸೈಟಿಯಲ್ಲಿ ಎರಡು ಸಲ ಜಾಮೀನು ನಿಂತು ಈ ಆಟ ಆಡಿದ್ದೇನೆ ಮಾರಾಯ. ಬಿದ್ದದ್ದು ನಿಜ. ಹಿಂದೆ ತಿರುಗಿ ನೋಡಿದರೆ ಜನ ಇಲ್ಲ."

ಎರಡನೆಯದು, ಎರಡು ಸತ್ಯ ಒಂದು ಸುಳ್ಳು. ನಮ್ಮ ಬಗ್ಗೆ ಮೂರು ಮಾತು ಹೇಳಬೇಕು, ಸುಳ್ಳು ಯಾವುದೆಂದು ಉಳಿದವರು ಹಿಡಿಯಬೇಕು. ಇದು ಬದಿಯಡ್ಕದಲ್ಲಿ ನಡೆಯುವ ಆಟವಲ್ಲ. ಇಲ್ಲಿ ನಾವು ಬಾಯಿ ತೆರೆಯುವ ಮೊದಲೇ ಮೂರೂ ಗೊತ್ತಿರುತ್ತವೆ, ನಾಲ್ಕನೆಯದೂ.

ಮೂರನೆಯದರಲ್ಲಿ ಎಲ್ಲರೂ ಸುತ್ತ ನಿಂತು, ಎದುರಿನವರ ಕೈಗಳನ್ನು ಅಡ್ಡಾದಿಡ್ಡಿ ಹಿಡಿದು, ಬಿಡದೆ ಗಂಟು ಬಿಡಿಸಬೇಕು. ಹೋದ ವರ್ಷ ಇದನ್ನೇ ಆಡಿಸಿದ್ದರಂತೆ. ಮೇನೇಜರರ ಎಡಗೈ ಒಬ್ಬ ಹೊಸ ಹುಡುಗನ ಕುತ್ತಿಗೆಗೆ ಸುತ್ತಿ, ಬಿಡಿಸಲಿಕ್ಕೂ ಆಗದೆ, ಬಿಡಿ ಅನ್ನಲಿಕ್ಕೂ ಆಗದೆ, ಚಾ ಬರುವವರೆಗೆ ಹುಡುಗ ಹಾಗೇ ನಿಂತಿದ್ದನಂತೆ.

"ಇದ್ಯಾವುದೂ ಬೇಡ" ಇಚ್ಚ ಅಂದ. "ವಡಂವಲಿ ಇಡು. ಓಣಂಗೆ ನಾವು ಎಳೆಯುವುದಿಲ್ವಾ? ಹಗ್ಗ ನನ್ನಲ್ಲಿ ಉಂಟು. ಬಾಡಿಗೆ ಮತ್ತೆ ಮಾತಾಡುವ."

ಹಗ್ಗ ಅಂದದ್ದೇ ಮಾಷ್ಟ್ರು ಎದ್ದು ಕೂತರು. ಅವರಿಗೆ ಕ್ಲಾಸು ತೆಗೆದುಕೊಳ್ಳಲು ಒಂದು ಶಬ್ದ ಸಾಕು. "ಹಗ್ಗಜಗ್ಗಾಟ ಒಲಿಂಪಿಕ್ಸಿನಲ್ಲೇ ಇತ್ತು ಗೊತ್ತುಂಟಾ? 1900ರಿಂದ 1920ರವರೆಗೆ. ಆದರೆ ಅದಕ್ಕಿಂತ ದೊಡ್ಡ ವಿಷಯ ರಿಂಗಲ್‌ಮನ್. ಫ್ರಾನ್ಸಿನ ಕೃಷಿ ಇಂಜಿನಿಯರು. ಎತ್ತು, ಮನುಷ್ಯ, ಯಂತ್ರ, ಯಾವುದು ಎಷ್ಟು ಎಳೀತದೆ ಅಂತ ಲೆಕ್ಕ ಹಾಕುವುದೇ ಅವನ ಕೆಲಸ. ಒಬ್ಬನಿಂದ ಹಗ್ಗ ಎಳೆಸಿದ, ನೂರು ಪಾಲು ಅಂತ ಇಟ್ಟುಕೊಳ್ಳಿ. ಇಬ್ಬರು ಸೇರಿದರೆ ತಲೆಗೆ 93. ಮೂವರಾದರೆ 85. ಎಂಟು ಜನ ಆದಾಗ ತಲೆಗೆ 49! 1913ರಲ್ಲಿ ಅಚ್ಚು ಹಾಕಿಸಿದ."

"ಅರ್ಧವೂ ಇಲ್ಲ" ಭಟ್ರು ಲೆಕ್ಕಕ್ಕೆ ಬಿದ್ದರು. "ಮೊನ್ನೆ ತೋಟಕ್ಕೆ ಎಂಟು ಆಳು ಕರೆದಿದ್ದೆ. ಸಂಬಳ ಕೊಟ್ಟದ್ದು ಎಂಟಕ್ಕೇ."

"ಆಳು ಕಳ್ಳ ಅಂತಲ್ಲ ಭಟ್ರೇ. ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಬೀಳುವುದಿಲ್ಲ, ಅದು ಒಂದು. ಇನ್ನೊಂದು, ಹೇಗೂ ಉಳಿದವರು ಎಳೀತಾರಲ್ಲ ಅಂತ ಮನಸ್ಸು ಸಡಿಲ ಆಗ್ತದೆ. 1974ರಲ್ಲಿ ಅಮೆರಿಕದವರು ಒಬ್ಬನ ಕಣ್ಣು ಕಟ್ಟಿ, ಹಿಂದೆ ಜನ ಇದ್ದಾರೆ ಅಂತ ನಂಬಿಸಿ ಎಳೆಸಿದರು. ನಿಜಕ್ಕೆ ಎಳೆಯುವವ ಅವನೊಬ್ಬನೇ. ಆದರೂ ಕಡಿಮೆ ಎಳೆದ! 1979ರಲ್ಲಿ ಚಪ್ಪಾಳೆ ತಟ್ಟಿಸಿ, ಬೊಬ್ಬೆ ಹಾಕಿಸಿ ನೋಡಿದರು. ಅಲ್ಲೂ ಹಾಗೇ."

"ಭಜನೆಗೆ ನಮ್ಮ ರೈಗಳು ಬಾಯಿ ಆಡಿಸುವುದು ಅದಕ್ಕೇ" ಅಂದೆ. ರೈಗಳು ಇಲ್ಲವೆನ್ನಲಿಲ್ಲ.

ಇಲ್ಲಿ ರೈಗಳಿಗೆ ಒಂದು ಉಪಾಯ ಹೊಳೆಯಿತು. ಸಪ್ತಭಾಷಾ ಸಂಗಮ ಭೂಮಿ ಅಂತ ಎಲ್ಲ ಭಾಷಣದಲ್ಲೂ ಹೇಳುತ್ತೇವಲ್ಲ, ಅದನ್ನೇ ಆಟ ಮಾಡಿದರೇನು? ಕಿವಿಯಲ್ಲಿ ಹೇಳಿದ ಮಾತನ್ನು ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲಿ ಮುಂದಿನವನಿಗೆ ದಾಟಿಸಬೇಕು. ಬೆಂಚಿನಲ್ಲೇ ಪರೀಕ್ಷೆ. ಅಳಿಯ ಕನ್ನಡದಲ್ಲಿ ಶುರು ಮಾಡಿದ: "ಬಂದವರ ಪಟ್ಟಿ ಹಿಡಿದುಕೊಂಡು ಬೇಗ ಬನ್ನಿ." ರೈಗಳು ತುಳುವಿನಲ್ಲಿ ಇಚ್ಚನ ಕಿವಿಗೆ, "ಪಟ್ಟಿ ಪತ್ತೊಂದು ಬೇಗ ಬಲೆ" ಅಂದರು. ಇಚ್ಚನಿಗೆ ಒಂದು ಕಿವಿ ಸ್ವಲ್ಪ ಮಂದ, ಹೇಳಿದ್ದು ಅದೇ ಕಿವಿಗೆ. ಅವನಿಗೆ ಕೇಳಿದ್ದು ಎರಡೇ ಶಬ್ದ, ಪಟ್ಟಿ ಮತ್ತು ಬಲೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ತುಳುವಿನ ಬಲೆ ಅಂದರೆ ಬನ್ನಿ. ಅವನು ಕನ್ನಡದ ಬಲೆ ಅಂದುಕೊಂಡ. ಮುಂದೆ ದಾಟಿಸಿದ್ದು ನಾಯಿ ಬಲೆಗೆ ಬಿದ್ದ ಸುದ್ದಿ. ಅದು ಭಟ್ರ ಹವ್ಯಕದಲ್ಲಿ ಹಾಯ್ದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ಮಾಮುವಿಗೆ ಮುಟ್ಟಿತು. ಮಾಮು ದುಡ್ಡು ಎಣಿಸುವುದು ನಿಲ್ಲಿಸಿ, "ಯಾರ ನಾಯಿ? ಪಂಚಾಯತಿಗೆ ಫೋನ್ ಮಾಡಿದ್ರಾ?" ಅಂದರು.

"ಕಂಪೆನಿಯಲ್ಲಿ ಈಮೇಲು ಹೀಗೇ ಹೋಗುವುದು" ಅಂದ ಅಳಿಯ, ನಗಲೂ ಆಗದೆ.

ಅವನ ಫೋನಿನಲ್ಲಿ ಉಳಿದದ್ದು ಮಾರ್ಷ್‌ಮ್ಯಾಲೋ ಆಟ. ಪೀಟರ್ ಸ್ಕಿಲ್‌ಮನ್ ಎಂಬವರು ಹುಟ್ಟಿಸಿದ್ದು, 2010ರಲ್ಲಿ ಟಾಮ್ ವೂಜೆಕ್ ಅದರ ಬಗ್ಗೆ ಭಾಷಣ ಮಾಡಿ ಲೋಕಕ್ಕೆಲ್ಲ ಹಬ್ಬಿಸಿದ್ದು. ನಾಲ್ಕು ಜನರ ತಂಡ. ಬೇಯಿಸದ ಸ್ಪಗೆಟಿ 20 ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ. 18 ನಿಮಿಷದಲ್ಲಿ ಗೋಪುರ ನಿಲ್ಲಿಸಬೇಕು, ತುದಿಯಲ್ಲಿ ಮಾರ್ಷ್‌ಮ್ಯಾಲೋ ಕೂರಬೇಕು.

"ಅದು ಎಂತದು, ಮಾರ್ಷ್?"

"ಸಕ್ಕರೆಯ ಮೆತ್ತನೆ ಮಿಠಾಯಿ ಭಟ್ರೇ. ಜೆಲಟಿನ್ ಹಾಕಿರ್ತಾರೆ. ಎಲುಬು, ಚರ್ಮದಿಂದ..."

"ಸಾಕು ಸಾಕು. ಮಾಮೂ, ಒಂದು ಗೋಳಿಬಜೆ!"

ಸ್ಪಗೆಟಿಗೆ ಬದಲು ಮೂಲೆಯ ಹಿಡಿಸೂಡಿಯಿಂದ 20 ಕಡ್ಡಿ ಎಳೆದೆವು. ಟೇಪಿಗೂ ದಾರಕ್ಕೂ ಸೇರಿಸಿ ಬಾಳೆನಾರು. ಭಟ್ರು, ರೈಗಳು, ಇಚ್ಚ, ಮಾಷ್ಟ್ರು ತಂಡ. ನಾನು ಗಡಿಯಾರ. ಅಳಿಯ ವಿಡಿಯೋ.

ಮೊದಲ ಆರು ನಿಮಿಷ ಅಧ್ಯಕ್ಷರು ಯಾರೆಂಬುದಕ್ಕೆ ಹೋಯಿತು. ಮಾಷ್ಟ್ರು ಸ್ವಾಗತ ಭಾಷಣದ ಹತ್ತಿರ ಹತ್ತಿರ ಬಂದಿದ್ದರು. ಆಮೇಲೆ ರೈಗಳು ಬಿಲ್ಲಿನ ಹಿಂಬದಿಯಲ್ಲಿ ನಕ್ಷೆ ಬರೆದರು, ಚಪ್ಪರದ ಹಾಗೆ ಇತ್ತು. ಇಚ್ಚನಿಗೆ ಕಂಬ ಓರೆ ಕಂಡಿತು. ಒಣನಾರು ಗಂಟು ಬಿಗಿಯುವಾಗ ಪಟಪಟ ತುಂಡಾಯಿತು. ಚಾ ತಂದಿಟ್ಟ ಮಾಮು ಒಂದೂ ಮಾತಾಡದೆ ನಾರನ್ನು ನೀರಿನ ಲೋಟಕ್ಕೆ ಅದ್ದಿ ಹೋದರು. ನಾರು ನೆನೆಸದೆ ಯಾರಾದರೂ ಹೂ ಕಟ್ಟುತ್ತಾರಾ? ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ ನೋಡಿ.

ಹದಿನೇಳನೆಯ ನಿಮಿಷಕ್ಕೆ ಎರಡು ಗೇಣು ಎತ್ತರದ ಒಂದು ಆಕಾರ ಎದ್ದಿತು. ನಾಲ್ಕೂ ಜನ ಒಂದೊಂದು ಕೈಯಲ್ಲಿ ಹಿಡಿದೇ ಇದ್ದರು. ಭಟ್ರು ಗೋಳಿಬಜೆಯನ್ನು ನೈವೇದ್ಯದಷ್ಟು ಜಾಗ್ರತೆಯಿಂದ ತುದಿಗೆ ಚುಚ್ಚಿದರು. ಕಡ್ಡಿಯ ಬೆನ್ನಲ್ಲಿ ಎಣ್ಣೆ ಒಂದು ಹನಿ ನಿಧಾನಕ್ಕೆ ಇಳಿಯಿತು. "ಟೈಮ್!" ಅಂದೆ. ಉಳಿದ ಮೂವರು ಹಿಡಿದಿದ್ದಾರಲ್ಲ ಎಂಬ ಧೈರ್ಯದಲ್ಲಿ ನಾಲ್ವರೂ ಕೈಬಿಟ್ಟರು.

ಗೋಳಿಬಜೆ ಇಚ್ಚನ ಚಾದೊಳಗೆ.

"ನಾವು ಮಾತ್ರ ಅಲ್ಲ ಬಿಡಿ" ಅಳಿಯ ಸಮಾಧಾನ ಹೇಳಿದ. "ಬಿಸಿನೆಸ್ ಸ್ಕೂಲಿನವರದ್ದೂ ಹೀಗೇ ಬೀಳ್ತದಂತೆ. ಪ್ಲಾನಿನಲ್ಲೇ ಹೊತ್ತು ಕಳೆದು, ಮಿಠಾಯಿ ಇಡುವುದು ಕೊನೆಯ ಕ್ಷಣಕ್ಕೆ. ಅಷ್ಟು ಭಾರ ಅಂತ ಆಗಲೇ ಗೊತ್ತಾಗುವುದು. ಬಾಲವಾಡಿ ಮಕ್ಕಳು ಮೊದಲೇ ಮಿಠಾಯಿ ಚುಚ್ಚಿ, ಬಿದ್ದರೆ ಮತ್ತೆ ಕಟ್ಟಿ, ಇವರಿಗಿಂತ ಎತ್ತರ ಮಾಡ್ತಾರೆ. ದೊಡ್ಡ ಸಾಹೇಬರುಗಳ ತಂಡಕ್ಕೆ ಒಬ್ಬ ಸೆಕ್ರೆಟರಿ ಸೇರಿದರೆ ಗೋಪುರ ಇನ್ನೂ ಎತ್ತರ ಆಗ್ತದಂತೆ."

"ನಮಗೆ ಮಾಮು ಇದ್ದರಲ್ಲ" ಅಂದೆ. "ಅವರನ್ನು ತಂಡಕ್ಕೆ ಸೇರಿಸಿಕೊಂಡವರು ಯಾರು?"

ಮಾಮುವಿನ ತಲೆಬಿಸಿ ಬೇರೆ ಇತ್ತು. "ನಾಳೆ ಬೆಳಿಗ್ಗೆ ಅಂಗಳ ಗುಡಿಸಲಿಕ್ಕುಂಟು. ಆ ಸೂಡಿ ಮೊದಲಿದ್ದ ಹಾಗೆ ಕಟ್ಟಿಕೊಟ್ಟು ಏಳಿ."

ಇಚ್ಚ ಕಡ್ಡಿ ಹೆಕ್ಕಿದ, ಮಾಷ್ಟ್ರು ಬುಡ ಸಮ ಮಾಡಿದರು, ರೈಗಳು ಮುಷ್ಟಿಯಲ್ಲಿ ಬಿಗಿಹಿಡಿದರು, ಭಟ್ರು ನೆನೆದ ನಾರಿನಲ್ಲಿ ಎರಡು ಸುತ್ತು ಹಾಕಿ ಗಂಟು ಬಿಗಿದರು. ಎರಡು ನಿಮಿಷ ಆಗಿರಬಹುದು, ನಾನು ಗಡಿಯಾರ ನೋಡಲಿಲ್ಲ. ಅಳಿಯನೂ ವಿಡಿಯೋ ಮಾಡಲಿಲ್ಲ. ಅವನು ಫೋನಿನಲ್ಲಿ 30 ತಂಡಕ್ಕಾಗುವಷ್ಟು ಮಾರ್ಷ್‌ಮ್ಯಾಲೋ ಆರ್ಡರು ಮಾಡುತ್ತಿದ್ದ.