ಪ್ರಾಕ್ಟಿಕಲ್‌ಗೆ ಬಾರದವರಿಗೆ ಅಂದಾಜು ಅಂಕ: ಝಡ್ ಸ್ಕೋರ್ ಹಾಕಿದರೆ 100ಕ್ಕೆ 107 ಬರುತ್ತಿದೆ!

ಶೀಟ್_ಸಂಕಟ

ಎಲ್ಲರಿಗೂ ನಮಸ್ಕಾರ. ವೈರಿಂಗ್ ಕೋರ್ಸಿನ ಒಂದು ಬ್ಯಾಚಿನ ಅಂಕಪಟ್ಟಿ ನನ್ನ ಕೊರಳಿಗೆ ಬಿದ್ದಿದೆ. 38 ಜನ. ಥಿಯರಿ 80 ಅಂಕ, ಪ್ರಾಜೆಕ್ಟ್ 60, ಪ್ರಾಕ್ಟಿಕಲ್ 100. ಪ್ರಾಕ್ಟಿಕಲ್ ದಿನ ಮೂವರು ಬರಲಿಲ್ಲ. ಮೂವರದ್ದೂ ಸರಿಯಾದ ಕಾರಣವೇ, ಕಾಗದಪತ್ರ ಎಲ್ಲ ಇದೆ. ಮತ್ತೆ ಪರೀಕ್ಷೆ ಇಡೋಣ ಅಂದರೆ ಸೆಟಪ್ ಎಲ್ಲ ಬಿಚ್ಚಿಯಾಗಿದೆ, ಹೊರಗಿನಿಂದ ಬಂದ ಪರೀಕ್ಷಕರೂ ಹೊರಟುಹೋದರು. ಉಳಿದ ಭಾಗಗಳನ್ನು ನೋಡಿ ಅಂದಾಜು ಅಂಕ ಕೊಡಬಹುದು ಅಂತ ನಿಯಮದಲ್ಲಿ ಒಂದೇ ಒಂದು ಸಾಲಿದೆ. ಹೇಗೆ ಕೊಡಬೇಕು ಅಂತ ಇಲ್ಲ.

ಮೊದಲು ಶೇಕಡಾ ಲೆಕ್ಕ ಹಾಕಿದೆ. ಒಬ್ಬಳಿಗೆ ಥಿಯರಿಯಲ್ಲಿ 80ಕ್ಕೆ 60, ಅಂದರೆ ಶೇ. 75. ಹಾಗಾಗಿ ಪ್ರಾಕ್ಟಿಕಲ್‌ಗೂ 75. ಇನ್ನೊಬ್ಬನಿಗೆ ಥಿಯರಿ 30, ಅವನಿಗೆ ಪ್ರಾಕ್ಟಿಕಲ್ 37.5. ಪಾಸಾಗಲು 50 ಬೇಕು, ಅವನು ಫೇಲ್. ಆದರೆ ಪ್ರಾಕ್ಟಿಕಲ್‌ಗೆ ಬಂದವರಲ್ಲಿ ತೀರಾ ಕಡಿಮೆ ಅಂಕವೇ 62! ಥಿಯರಿಯಲ್ಲಿ ಮುಂದಿರುವ ಹುಡುಗಿಗೆ ತರಗತಿಯ ಸರಾಸರಿಗಿಂತ ಕಡಿಮೆ ಬರುತ್ತಿದೆ. ಇದು ಸರಿಯಲ್ಲ ಅಂತ ನನಗೇ ಅನ್ನಿಸಿತು.

ಸಹೋದ್ಯೋಗಿಯೊಬ್ಬರು ಝಡ್ ಸ್ಕೋರ್ ಹಾಕಿ ಅಂದರು. ಅಂದರೆ ಥಿಯರಿಯಲ್ಲಿ ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದ್ದಾರೆ ಅಂತ ಅಂಕಗಳ ಹರಡಿಕೆಯಿಂದ ಭಾಗಿಸಿ ಅಳೆದು, ಪ್ರಾಕ್ಟಿಕಲ್‌ನಲ್ಲೂ ಅದೇ ಅಳತೆಯಲ್ಲಿ ಅಷ್ಟೇ ಮೇಲೆ ಅಥವಾ ಕೆಳಗೆ ಇಡುವುದು. ಹಾಕಿದೆ. ಈಗ ಅವಳಿಗೆ 107, ಅವನಿಗೆ 41. ನೂರಕ್ಕೆ ನೂರೇಳು ಹೇಗೆ ಸ್ವಾಮಿ? ಫಾರ್ಮುಲಾ ಹತ್ತು ಸಲ ನೋಡಿದೆ, ತಪ್ಪು ಕಾಣುತ್ತಿಲ್ಲ.

---

ಕಾಲಂ_ಕಾವಲುಗಾರ

ಫಾರ್ಮುಲಾ ಬಿಡಿ. ಬಾರದ ಮೂವರ ಪ್ರಾಕ್ಟಿಕಲ್ ಕಾಲಂನಲ್ಲಿ ಏನು ಬರೆದಿದ್ದೀರಿ? ಖಾಲಿ ಬಿಟ್ಟಿದ್ದೀರಾ, 0 ಹಾಕಿದ್ದೀರಾ?

---

ಶೀಟ್_ಸಂಕಟ

0 ಹಾಕಿದ್ದೇನೆ. ಖಾಲಿ ಬಿಟ್ಟರೆ ಮುಂದಿನ ಒಟ್ಟು ಅಂಕದ ಕಾಲಂ ಎರರ್ ತೋರಿಸುತ್ತಿತ್ತು.

---

ಕಾಲಂ_ಕಾವಲುಗಾರ

ಕಳ್ಳ ಸಿಕ್ಕಿದ :)

ಎಕ್ಸೆಲ್‌ನ ಸರಾಸರಿ ಫಂಕ್ಷನ್ ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ. ‘ಗೈರು’ ಅಂತ ಅಕ್ಷರದಲ್ಲಿ ಬರೆದಿದ್ದರೂ ಬಿಡುತ್ತದೆ. ಆದರೆ 0 ಅದಕ್ಕೆ ನಿಜವಾದ ಅಂಕ. ಮೂವರು ಪರೀಕ್ಷೆ ಬರೆದು ಸೊನ್ನೆ ತೆಗೆದರು ಅಂತಲೇ ತಿಳಿಯುತ್ತದೆ. ಸರಾಸರಿ ಸ್ವಲ್ಪ ಇಳಿದರೆ ಹೋಗಲಿ ಅನ್ನಬಹುದು. ಅಂಕಗಳು ಎಷ್ಟು ಹರಡಿಕೊಂಡಿವೆ ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ಇದೆಯಲ್ಲ, ಅದು ಪೂರ್ತಿ ಹಾಳಾಗುತ್ತದೆ. ಸೊನ್ನೆ ತೆಗೆದು ಮತ್ತೆ ನೋಡಿ.

---

ಶೀಟ್_ಸಂಕಟ

ಅಬ್ಬಾ. ಸೊನ್ನೆ ಇದ್ದಾಗ ಸರಾಸರಿ 71.8, ಡೀವಿಯೇಶನ್ 22.3. ತೆಗೆದ ಮೇಲೆ ಸರಾಸರಿ 78, ಡೀವಿಯೇಶನ್ ಬರೀ 7! ಮೂರು ಸೊನ್ನೆಗೆ ಇಷ್ಟು ಶಕ್ತಿ ಅಂತ ಗೊತ್ತಿರಲಿಲ್ಲ.

ಥಿಯರಿ ಸರಾಸರಿ 44, ಡೀವಿಯೇಶನ್ 10. ಹಾಗಾದರೆ ಅವಳು ಥಿಯರಿಯಲ್ಲಿ ಸರಾಸರಿಗಿಂತ 16 ಅಂಕ ಮೇಲೆ, ಅಂದರೆ ಝಡ್ 1.6. ಪ್ರಾಕ್ಟಿಕಲ್ ಅಂದಾಜು 78 + 1.6 × 7 = 89.2. ಅವನ ಝಡ್ −1.4. 78 − 9.8 = 68.2. ಇಬ್ಬರೂ ನಿಜವಾದ ಅಂಕಗಳ ಸಾಲಿನಲ್ಲೇ ಕೂರುತ್ತಾರೆ. ಬಹಳ ಥ್ಯಾಂಕ್ಸ್, ಸಮಸ್ಯೆ ಬಗೆಹರಿಯಿತು.

---

ಹಳೇ_ಪರೀಕ್ಷಕ

ಬಗೆಹರಿಯಲಿಲ್ಲ ತಾಯಿ, ಸ್ವಲ್ಪ ತಡೆಯಿರಿ. ಫಾರ್ಮುಲಾ ಈಗ ಸರಿಯಾಗಿ ಓಡುತ್ತಿದೆ, ಅಷ್ಟೇ. ಅದು ಸರಿಯಾದ ದಾರಿಯಲ್ಲಿ ಓಡುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ.

ಥಿಯರಿಯಲ್ಲಿ ಮುಂದಿರುವವನು ಕೈಕೆಲಸದಲ್ಲೂ ಅಷ್ಟೇ ಮುಂದಿರುತ್ತಾನೆ ಅಂತ ಝಡ್ ಸ್ಕೋರ್ ಸುಮ್ನೆ ನಂಬಿಕೊಳ್ಳುತ್ತದೆ. ಬಂದ 35 ಜನರ ಥಿಯರಿಗೂ ಪ್ರಾಕ್ಟಿಕಲ್‌ಗೂ ಎಷ್ಟು ಹೊಂದಿಕೆ ಇದೆ? ಕೋರಿಲೇಶನ್ ತೆಗೆದು ಹೇಳಿ (ಪೂರ್ತಿ ಹೊಂದಿದರೆ 1, ಹೊಂದಿಕೆಯೇ ಇಲ್ಲದಿದ್ದರೆ 0). ಪ್ರಾಜೆಕ್ಟಿಗೂ ಪ್ರಾಕ್ಟಿಕಲ್‌ಗೂ ಎಷ್ಟು ಅಂತಲೂ ನೋಡಿ.

---

ಶೀಟ್_ಸಂಕಟ

ಥಿಯರಿ–ಪ್ರಾಕ್ಟಿಕಲ್ 0.4. ಪ್ರಾಜೆಕ್ಟ್–ಪ್ರಾಕ್ಟಿಕಲ್ 0.7. 0.4 ತೀರಾ ಕಡಿಮೆಯೇನಲ್ಲ ಅಲ್ವಾ ಸರ್?

---

ಹಳೇ_ಪರೀಕ್ಷಕ

ಈ ಕೆಲಸಕ್ಕೆ ಸಾಲದು. ಯಾಕೆ ಅಂತ ಹೇಳುತ್ತೇನೆ, ಇದು ಅನೇಕರಿಗೆ ಗೊತ್ತಿರುವುದಿಲ್ಲ.

ಏನೂ ಲೆಕ್ಕ ಹಾಕದೆ ಬಾರದವರಿಗೆಲ್ಲ ತರಗತಿಯ ಸರಾಸರಿ 78 ಅನ್ನೇ ಕೊಟ್ಟೆವು ಅಂದುಕೊಳ್ಳಿ. ಸೋಮಾರಿ ಉಪಾಯ. ಅದರ ತಪ್ಪು ಎಷ್ಟು? ಡೀವಿಯೇಶನ್‌ನಷ್ಟೇ, ಅಂದರೆ ಸುಮಾರು 7 ಅಂಕದ ಆಸುಪಾಸು. ಝಡ್ ಸ್ಕೋರ್ ದಾರಿಯ ತಪ್ಪು ಕೋರಿಲೇಶನ್ ಮೇಲೆ ನಿಂತಿದೆ. 1ರಿಂದ ಕೋರಿಲೇಶನ್ ಕಳೆಯಿರಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ, ಡೀವಿಯೇಶನ್‌ನಿಂದ ಗುಣಿಸಿ. 0.4ಕ್ಕೆ ಅದು 7.7 ಬರುತ್ತದೆ. ಸೋಮಾರಿ ಉಪಾಯಕ್ಕಿಂತ ಜಾಸ್ತಿ ತಪ್ಪು! ಕೋರಿಲೇಶನ್ ಸರಿಯಾಗಿ 0.5 ಇದ್ದಾಗ ಎರಡೂ ಸಮ. ಅದಕ್ಕಿಂತ ಮೇಲಿದ್ದರೆ ಮಾತ್ರ ಝಡ್ ಸ್ಕೋರಿನಿಂದ ಲಾಭ. ಪ್ರಾಜೆಕ್ಟಿನ 0.7 ಹಾಕಿ ನೋಡಿ, 5.4ಕ್ಕೆ ಇಳಿಯುತ್ತದೆ.

ಅದಕ್ಕೇ ಕೈಕೆಲಸದ ಅಂಕವನ್ನು ಕೈಕೆಲಸದಿಂದಲೇ ಅಂದಾಜು ಮಾಡಬೇಕು. ವೃತ್ತಿ ಕೋರ್ಸುಗಳಲ್ಲಿ ಇದು ಇನ್ನೂ ಮುಖ್ಯ. ಪುಸ್ತಕದ ಪರೀಕ್ಷೆಯಲ್ಲಿ ಒಂದು ಪೇಪರ್ ತಪ್ಪಿದರೆ ಇನ್ನೊಂದು ಪೇಪರ್ ಇರುತ್ತದೆ, ಎರಡೂ ಬರವಣಿಗೆಯೇ. ಇಲ್ಲಿ ಒಂದು ಭಾಗ ನೆನಪನ್ನು ಅಳೆಯುತ್ತದೆ, ಇನ್ನೊಂದು ಸ್ಕ್ರೂಡ್ರೈವರ್ ಹಿಡಿಯುವ ಕೈಯನ್ನು.

---

ಕಾಲಂ_ಕಾವಲುಗಾರ

ಇದು ನನಗೂ ಹೊಸದು ಸರ್. ಆದರೆ ಹಾಗಿದ್ದರೆ ಝಡ್ ಸ್ಕೋರ್ ಯಾಕೆ, ನೇರವಾಗಿ ರಿಗ್ರೆಶನ್ (ಎರಡು ಅಂಕಗಳಿಗೆ ಎಷ್ಟು ಹೊಂದಿಕೆ ಇದೆಯೋ ಅಷ್ಟೇ ನಂಬಿ ಅಂದಾಜು ಮಾಡುವುದು) ಹಾಕಬಹುದಲ್ಲ? ಝಡ್ ಅನ್ನು ಕೋರಿಲೇಶನ್‌ನಿಂದ ಗುಣಿಸಿದರೆ ಆಯಿತು. ತಪ್ಪು ಯಾವಾಗಲೂ ಅದರಲ್ಲೇ ಕಡಿಮೆ. 0.7ಕ್ಕೆ 5 ಅಂಕ ಬರುತ್ತದೆ.

---

ಹಳೇ_ಪರೀಕ್ಷಕ

ಬರೀ ತಪ್ಪಿನ ಲೆಕ್ಕ ನೋಡಿದರೆ ನೀವು ಹೇಳುವುದು ಸರಿ. ಆದರೆ ರಿಗ್ರೆಶನ್ ಎಲ್ಲರನ್ನೂ ನಡುವಿಗೆ ಎಳೆಯುತ್ತದೆ. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ತೋರಿಸಿದ್ದು ಇದನ್ನೇ. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅವರಷ್ಟಲ್ಲ. ಗುಂಪಿಗೆ ಇದು ನಿಜ. ಎದುರಿಗೆ ನಿಂತಿರುವ ಒಬ್ಬ ಹುಡುಗಿಗೆ ‘ನೀನು ಮುಂದಿದ್ದೀಯ, ಅದಕ್ಕೇ ಸ್ವಲ್ಪ ಕಡಿಮೆ ಕೊಡುತ್ತೇವೆ’ ಅಂತ ಹೇಗೆ ಹೇಳುವುದು? ಝಡ್ ಸ್ಕೋರ್ ಅವಳ ಸ್ಥಾನವನ್ನು ಇದ್ದಲ್ಲೇ ಉಳಿಸುತ್ತದೆ. ಸ್ಥಾನ ಉಳಿಸುವುದೇ ನ್ಯಾಯ ಅಂತ ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ನೀವೂ ಒಬ್ಬರು.

---

ಶೀಟ್_ಸಂಕಟ

ನಿಮ್ಮಿಬ್ಬರ ಜಗಳ ನನ್ನ ಶೀಟಿಗೇ ಬಂದು ಬಿದ್ದಿದೆ! ಪ್ರಾಜೆಕ್ಟ್ ಸರಾಸರಿ 42, ಡೀವಿಯೇಶನ್ 5. ಅವಳಿಗೆ 47, ಝಡ್ 1. ಝಡ್ ದಾರಿಯಲ್ಲಿ ಪ್ರಾಕ್ಟಿಕಲ್ 85, ರಿಗ್ರೆಶನ್ ದಾರಿಯಲ್ಲಿ 82.9. ಮೇಲಿನ ಗ್ರೇಡಿನ ಗಡಿ ಎಷ್ಟು ಗೊತ್ತಾ? 85.

ಆಶ್ಚರ್ಯ ಅಂದರೆ ಆ ಹುಡುಗ. ಅವನಿಗೆ ಪ್ರಾಜೆಕ್ಟಿನಲ್ಲಿ 44. ಝಡ್ ದಾರಿಯಲ್ಲಿ ಪ್ರಾಕ್ಟಿಕಲ್ 80.8, ರಿಗ್ರೆಶನ್‌ನಲ್ಲಿ 80. ಶೇಕಡಾ ಲೆಕ್ಕದಲ್ಲಿ ನಾನು ಫೇಲ್ ಮಾಡಲು ಹೊರಟಿದ್ದ ಹುಡುಗ ಸರಾಸರಿಗಿಂತ ಮೇಲೆ. ವರ್ಕ್‌ಶಾಪಿನಲ್ಲಿ ಕಲಿಸುವವರನ್ನು ಕೇಳಿದೆ. ‘ಅವನಿಗೆ ಬರೆಯಲು ಬರುವುದಿಲ್ಲ ಮೇಡಂ, ಪೈಪ್ ಬಗ್ಗಿಸಲು ಕೊಟ್ಟು ನೋಡಿ’ ಅಂದರು.

---

ಕಾಲಂ_ಕಾವಲುಗಾರ

ಗಡಿಯ ವಿಚಾರಕ್ಕೆ ಒಂದು ಮಾತು. ಹೆಸರು ನೋಡಿದ ಮೇಲೆ ದಾರಿ ಆರಿಸಬೇಡಿ. ಯಾವ ದಾರಿ ಅಂತ ಮೊದಲು ಬರೆದಿಟ್ಟು ಆಮೇಲೆ ಅಂಕ ನೋಡಬೇಕಿತ್ತು. ಈಗ ನೋಡಿಯಾಗಿದೆ. ಹಾಗಾಗಿ ಈ ಮೂವರನ್ನು ಮರೆತು, ಬಂದ 35 ಜನರ ಮೇಲೆ ಪರೀಕ್ಷೆ ಮಾಡಿ. ಒಬ್ಬೊಬ್ಬರ ಪ್ರಾಕ್ಟಿಕಲ್ ಅಂಕವನ್ನು ಮುಚ್ಚಿ, ಉಳಿದ 34 ಜನರಿಂದ ಅಂದಾಜು ತೆಗೆದು, ಮುಚ್ಚಿದ ಅಂಕದ ಜೊತೆ ಹೋಲಿಸಿ. ಒಂದು ಸಂಜೆಯ ಕೆಲಸ. ಆ ಹೋಲಿಕೆಯನ್ನು ಮೇಲಿನವರ ಮುಂದೆ ಇಡಬಹುದು.

ಇನ್ನೊಂದು. ಅಂದಾಜು ಅಂಕವನ್ನು ಅದೇ ಕಾಲಂನಲ್ಲಿ ತುಂಬಬೇಡಿ, ಮತ್ತೆ ಸರಾಸರಿಯೊಳಗೆ ಸೇರಿಕೊಳ್ಳುತ್ತದೆ. ಪಕ್ಕದಲ್ಲಿ ಬೇರೆ ಕಾಲಂ ಮಾಡಿ ‘ಅಂದಾಜು’ ಅಂತ ಗುರುತು ಹಾಕಿ. ಒಟ್ಟು ಅಂಕಕ್ಕೆ ಮಾತ್ರ ಅಲ್ಲಿಂದ ತೆಗೆದುಕೊಳ್ಳಿ. ದಶಾಂಶವನ್ನೂ ಕೊನೆಯವರೆಗೆ ಉಳಿಸಿಕೊಳ್ಳಿ, ನಡುವೆ ಪೂರ್ಣಾಂಕ ಮಾಡಬೇಡಿ.

---

ಬೆಸುಗೆ_ಬೆಂಕಿ

ಸಣ್ಣ ಬ್ಯಾಚಿನವರಿಗೂ ಏನಾದರೂ ಹೇಳಿ ಸರ್. ನನ್ನ ಹತ್ತಿರ 9 ಜನ, ಒಬ್ಬ ಗೈರು. ಡೀವಿಯೇಶನ್ ತೆಗೆಯುವುದೇ ತಮಾಷೆ ಅನ್ನಿಸುತ್ತದೆ.

---

ಹಳೇ_ಪರೀಕ್ಷಕ

ತಮಾಷೆಯೇ. 8 ಜನರಲ್ಲಿ ಒಬ್ಬ ಎಡವಿದರೆ ಇಡೀ ಲೆಕ್ಕ ಬದಲಾಗುತ್ತದೆ. ಹಿಂದಿನ ಬ್ಯಾಚುಗಳಲ್ಲಿ ಅದೇ ಪ್ರಾಕ್ಟಿಕಲ್, ಅದೇ ಅಂಕ ಕೊಡುವ ಪದ್ಧತಿ ಇದ್ದರೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಜಾಬ್ ಶೀಟ್, ಫೋಟೋ, ಕಲಿಸಿದವರ ಬರಹ, ಇವುಗಳನ್ನು ಇಬ್ಬರು ಬೇರೆಬೇರೆ ಕೂತು ನೋಡಿ ಅಂಕ ಕೊಡಲಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷೆ ರದ್ದಾಗಿ ಲೆಕ್ಕದಿಂದ ಗ್ರೇಡ್ ಕೊಟ್ಟರಲ್ಲ, ಅಲ್ಲೂ ತೀರಾ ಸಣ್ಣ ಗುಂಪುಗಳಿಗೆ ಶಿಕ್ಷಕರ ಅಂದಾಜನ್ನೇ ಇಟ್ಟುಕೊಂಡಿದ್ದರು. ದೊಡ್ಡ ಗುಂಪುಗಳ ಗ್ರೇಡಿಗೆ ಎದ್ದ ಗಲಾಟೆಗೆ ಆಗಸ್ಟ್ 17ರಂದು ಆ ಲೆಕ್ಕವನ್ನೇ ಕೈಬಿಡಬೇಕಾಯಿತು, ಅದು ಬೇರೆ ಕಥೆ.

---

ಶೀಟ್_ಸಂಕಟ

ಮುಚ್ಚಿ ನೋಡುವ ಪರೀಕ್ಷೆ ಮಾಡಿದೆ. ಒಂದು ಸಂಜೆಯಲ್ಲ, ಎರಡು ಹಿಡಿಯಿತು. ಸರಾಸರಿ ತಪ್ಪು ಹೀಗಿದೆ (ಹೆಚ್ಚೋ ಕಡಿಮೆಯೋ ನೋಡದೆ ತಪ್ಪುಗಳ ನೇರ ಸರಾಸರಿ, ಅದಕ್ಕೇ ಮೇಲೆ ಲೆಕ್ಕ ಹಾಕಿದ 7, 7.7, 5.4ಕ್ಕಿಂತ ಸ್ವಲ್ಪ ಚಿಕ್ಕದು). ಥಿಯರಿಯಿಂದ ಶೇಕಡಾ: 23 ಅಂಕ. ಥಿಯರಿಯಿಂದ ಝಡ್: 6.1. ಎಲ್ಲರಿಗೂ ತರಗತಿಯ ಸರಾಸರಿ: 5.7. ಪ್ರಾಜೆಕ್ಟಿನಿಂದ ಝಡ್: 4.5. ಪ್ರಾಜೆಕ್ಟಿನಿಂದ ರಿಗ್ರೆಶನ್: 4.2.

ಹಳೇ ಪರೀಕ್ಷಕರು ಹೇಳಿದ್ದು ಅಂಕೆಯಲ್ಲೇ ಕಂಡಿತು. ಥಿಯರಿಯಿಂದ ಝಡ್ ಹಾಕುವುದಕ್ಕಿಂತ ಕಣ್ಣು ಮುಚ್ಚಿ 78 ಕೊಡುವುದು ವಾಸಿ! ಕೊನೆಯ ಎರಡರ ನಡುವೆ 0.3 ಅಂಕ ವ್ಯತ್ಯಾಸ. ಅಷ್ಟಕ್ಕೆ ಒಬ್ಬರ ಸ್ಥಾನ ಕೆಳಗಿಳಿಸುವುದು ಬೇಡ ಅಂತ ಪ್ರಾಜೆಕ್ಟಿನಿಂದ ಝಡ್ ಅಂತ ಬರೆದು ಕಳಿಸುತ್ತಿದ್ದೇನೆ. ಎರಡೂ ಲೆಕ್ಕವನ್ನು ಜೊತೆಗೇ ಇಟ್ಟಿದ್ದೇನೆ, ಅವಳು ಗಡಿಯ ಮೇಲಿದ್ದಾಳೆ ಅನ್ನುವುದನ್ನೂ ಮುಚ್ಚಿಟ್ಟಿಲ್ಲ.

ಮೂರನೆಯವನದ್ದು ಉಳಿದಿದೆ. ಅವನು ಪ್ರಾಜೆಕ್ಟನ್ನೂ ಕೊಟ್ಟಿಲ್ಲ. ಥಿಯರಿ 46 ಒಂದೇ ಇದೆ.

---

ಹಳೇ_ಪರೀಕ್ಷಕ

240ರಲ್ಲಿ 160 ಅಂಕ ಇಲ್ಲ. ಇದಕ್ಕೆ ಅಂದಾಜು ಅನ್ನುವುದಿಲ್ಲ, ಊಹೆ ಅನ್ನುತ್ತಾರೆ. ಫಲಿತಾಂಶ ತಡೆಹಿಡಿದು ಮುಂದಿನ ಬ್ಯಾಚಿನ ಜೊತೆ ಎರಡನ್ನೂ ಮಾಡಿಸಿ. ಥಿಯರಿ ಅಂಕ ಹಾಗೇ ಉಳಿಯಲಿ. ಅವನಿಗೆ ಬೇಸರ ಆಗುತ್ತದೆ, ಆದರೂ ಇದೇ ಸರಿ.

---

ಬೆಸುಗೆ_ಬೆಂಕಿ

ಎಲ್ಲ ಸರಿ ಮೇಡಂ, ಆದರೆ ವೈರಿಂಗ್ ಅಂದಿರಿ. ಪ್ರಾಕ್ಟಿಕಲ್‌ನಲ್ಲಿ ಸೇಫ್ಟಿ ಚೆಕ್ ಇಲ್ಲವಾ? ಕರೆಂಟ್ ಆಫ್ ಮಾಡಿ, ಬೀಗ ಹಾಕಿ, ಲೈನ್ ಸತ್ತಿದೆ ಅಂತ ಟೆಸ್ಟ್ ಮಾಡುವುದು?

---

ಶೀಟ್_ಸಂಕಟ

ಇದೆ. ಶುರುವಿನಲ್ಲೇ ಇರುತ್ತದೆ. ಅದಕ್ಕೆ ಅಂಕ ಇಲ್ಲ, ಬರೀ ಪಾಸ್ ಅಥವಾ ಫೇಲ್. ಹಾಗಾಗಿ ಶೀಟಿನಲ್ಲಿ ಬರಲೇ ಇಲ್ಲ.

---

ಬೆಸುಗೆ_ಬೆಂಕಿ

ಹಾಗಾದರೆ ಅದನ್ನು ಯಾವ ಲೆಕ್ಕದಿಂದಲೂ ತುಂಬಲು ಆಗುವುದಿಲ್ಲ. ಟೆಸ್ಟರ್ ಕೆಲಸ ಮಾಡುತ್ತಿದೆಯಾ ಅಂತ ಕರೆಂಟ್ ಇರುವ ಕಡೆ ಒಮ್ಮೆ ನೋಡಬೇಕು, ಆಮೇಲೆ ಕೆಲಸ ಮಾಡುವ ಲೈನ್ ನೋಡಬೇಕು, ಮತ್ತೆ ಟೆಸ್ಟರನ್ನು ಇನ್ನೊಮ್ಮೆ ನೋಡಬೇಕು. ಈ ಮೂರನೇ ಹೆಜ್ಜೆ ಮರೆಯುವವರು ಪ್ರಾಜೆಕ್ಟಿನಲ್ಲಿ ಚೆನ್ನಾಗಿ ಅಂಕ ತೆಗೆದವರಲ್ಲೂ ಇರುತ್ತಾರೆ. ನಾನೇ ನೋಡಿದ್ದೇನೆ. ಝಡ್ 1 ಇರುವವರು ಲೈನ್ ಮುಟ್ಟಿದರೂ ಶಾಕ್ ಶಾಕೇ. ಸರ್ಟಿಫಿಕೇಟ್ ನೋಡಿ ಅವರನ್ನು ಒಬ್ಬಂಟಿಯಾಗಿ ಕೆಲಸಕ್ಕೆ ಕಳಿಸುವವರಿಗೆ ಅದು ಅಂದಾಜು ಅಂತ ಗೊತ್ತಿರುವುದಿಲ್ಲ.

ಪೂರ್ತಿ ಪ್ರಾಕ್ಟಿಕಲ್ ಬೇಡ. ಒಂದು ಬೋರ್ಡ್, ಒಂದು ಟೆಸ್ಟರ್, ಒಂದು ಬೀಗ ಸಾಕು. ಒಬ್ಬರಿಗೆ ಅರ್ಧ ಗಂಟೆ. ಪರೀಕ್ಷಕರು ದೂರ ಇದ್ದರೆ ವಿಡಿಯೋ ಒಪ್ಪುತ್ತಾರಾ ಕೇಳಿ.

---

ಶೀಟ್_ಸಂಕಟ

ಮೇಲಿನವರನ್ನು ಕೇಳಿದೆ. ಅಂಕಗಳಿಗೆ ಅಂದಾಜು ಒಪ್ಪಿದರು. ಸೇಫ್ಟಿ ಚೆಕ್ ಮಾತ್ರ ಮಾಡಿಸಲೇಬೇಕು ಅಂದರು, ವಿಡಿಯೋ ಕಾಲ್‌ನಲ್ಲಿ ಪರೀಕ್ಷಕರೇ ನೋಡುತ್ತಾರೆ. ನಿಮ್ಮ ಪ್ರಶ್ನೆ ಬರದಿದ್ದರೆ ನಾನು ಅದನ್ನು ಗಮನಿಸುತ್ತಲೇ ಇರಲಿಲ್ಲ.

ಹುಡುಗ ನಿನ್ನೆ ಬಂದು ಮಾಡಿದ. ಟೆಸ್ಟರನ್ನು ಎರಡು ಸಲ ಅಲ್ಲ, ಮೂರು ಸಲ ನೋಡಿದ, ಹೆದರಿದ್ದ ಅಂತ ಕಾಣುತ್ತದೆ. ಪಾಸ್. ಹುಡುಗಿಯ ಕೈಗೆ ಇನ್ನೂ ಪ್ಲಾಸ್ಟರ್ ಇದೆ. ಅವಳ 85 ಅಂದಾಜು ಕಾಲಂನಲ್ಲೇ ಕೂತಿದೆ, ಪ್ಲಾಸ್ಟರ್ ತೆಗೆದ ಮೇಲೆ ಚೆಕ್.

---

ಕಾಲಂ_ಕಾವಲುಗಾರ

ಒಳ್ಳೆಯದಾಯಿತು. ಮೇಡಂ, ಒಟ್ಟು ಅಂಕದ ಕಾಲಂ ಖಾಲಿ ಮನೆಗೆ ಎರರ್ ತೋರಿಸುತ್ತಿತ್ತು ಅಂದಿರಲ್ಲ, ಅದನ್ನು ಸರಿ ಮಾಡಿದಿರಾ? ಇಲ್ಲದಿದ್ದರೆ ಮುಂದಿನ ಬ್ಯಾಚಿಗೆ ಬೇರೆ ಯಾರೋ ಮತ್ತೆ ಅಲ್ಲಿ 0 ಹಾಕುತ್ತಾರೆ.

---

ಶೀಟ್_ಸಂಕಟ

ಮಾಡಿದೆ. ಪ್ರಾಕ್ಟಿಕಲ್ ಖಾಲಿ ಇದ್ದರೆ ಅಂದಾಜು ಕಾಲಂ ನೋಡು, ಅದೂ ಖಾಲಿ ಇದ್ದರೆ ‘ತಡೆಹಿಡಿದಿದೆ’ ಅಂತ ತೋರಿಸು. 0 ಹಾಕಲು ಹೋದರೆ ಮನೆ ಕೆಂಪಾಗುತ್ತದೆ.