ಸಹಾಯ ಬೇಕು: ಉಡುಪಿ ಬಳಿಯ ಕೋಡಿ ಬೆಂಗ್ರೆ ಹಿನ್ನೀರಲ್ಲಿ ಮಕ್ಕಳಿಗೆ ಗಾಳ ಹಾಕಿಸಬಲ್ಲ ದೋಣಿಯವರು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾಲ್ವರು ದೊಡ್ಡವರು, 6 ಮತ್ತು 9 ವರ್ಷದ ಇಬ್ಬರು ಮಕ್ಕಳಿಗೆ ಮೂರು ತಾಸಿನ ದೋಣಿ ಬೇಕು. ಸ್ವರ್ಣಾ ಹೊಳೆಯೊಳಗೇ ಸಾಕು, ಹೊಳೆ ಕಡಲು ಸೇರುವ ಅಳಿವೆ ದಾಟುವುದು ಬೇಡ. ಇಳಿತದ ಹೊತ್ತಿಗೆ ಹೊರಹರಿವ ನೀರು ಕಡಲಿನ ಅಲೆಗೆ ಎದುರಾಗಿ ಅಲ್ಲಿ ತೆರೆ ಎದ್ದು ನಿಲ್ಲುತ್ತದೆ. ಸಣ್ಣ ದೋಣಿಗೆ ಅದು ಜಾಗವಲ್ಲ.

ಭರತಕ್ಕೆ (ನೀರು ಪೂರ್ತಿ ಏರುವ ಹೊತ್ತು) ಎರಡು ತಾಸು ಮುಂಚೆ ಹೊರಟು, ನೀರು ಇಳಿಯತೊಡಗಿ ಒಂದು ತಾಸಿನೊಳಗೆ ದಡ ಸೇರಿಸುವವರು ಬೇಕು. ತಡವಾದರೆ ಮರಳದಿಬ್ಬಕ್ಕೆ ದೋಣಿ ಕೂತು, ಮುಂದಿನ ಭರತದವರೆಗೂ ಬಿಸಿಲಲ್ಲಿ ಕಾಯಬೇಕು.

ಹಿಡಿಯುವುದು ಕಾಣೆ ಮೀನು (ಲೇಡಿಫಿಶ್). ಅದರ ಬಾಯಿ ಸಣ್ಣದು, ಹಾಗಾಗಿ 8ನೇ ನಂಬರಿನ ಗಾಳ, 0.25 ಮಿ.ಮೀ. ದಾರ, 20 ಗ್ರಾಂ ಸೀಸ, ಸಿಪ್ಪೆ ಸುಲಿದ ಸಿಗಡಿಯ ಬೆರಳುಗುರಿನಷ್ಟು ತುಂಡು. ಇಡೀ ಸಿಗಡಿ ಚುಚ್ಚಿದರೆ ಮೀನು ಕಚ್ಚಿ ತಿಂದು ಹೋಗುತ್ತದೆ, ಗಾಳ ಖಾಲಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಚಿರಬೇಕು. ಮಗುವಿನ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ.

ಗಾಳಕ್ಕೆ ಶೇಡೆ ಮೀನು (ಕಡಲ ಕ್ಯಾಟ್‌ಫಿಶ್) ಬಿದ್ದರೆ ದೋಣಿಯವರೇ ಬಿಡಿಸಲಿ, ಅದರ ರೆಕ್ಕೆಮುಳ್ಳು ವಿಷದ್ದು.

ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ತೊಡಿಸಿ ಭುಜದ ಪಟ್ಟಿ ಹಿಡಿದೆತ್ತಿದಾಗ ಗಲ್ಲ, ಕಿವಿಯವರೆಗೆ ಜಾರಿದರೆ ಅದು ಲೆಕ್ಕಕ್ಕಿಲ್ಲ. ದೊಡ್ಡವರದ್ದನ್ನೇ ಬಿಗಿಯಾಗಿ ಕಟ್ಟುತ್ತೇವೆ ಅನ್ನುವವರು ದಯವಿಟ್ಟು ಬೇಡ.

ಗೊತ್ತಿದ್ದವರು ದೋಣಿಗೆ ನೆರಳಿದೆಯೇ, ಬಾಡಿಗೆ ತಾಸಿಗೋ ತಲೆಗೋ ತಿಳಿಸಿ.